ಸಂಜೀವಣ್ಣನಿಗೆ ಕೊಟ್ಟ ಕಾರು

1984ನೇ ಇಸವಿ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಒಂದು ಕಾರು ಸಬ್-ಡೀಲರ್ ಅಂಗಡಿ ಇತ್ತು. ನಾನು ಅಲ್ಲಿ ಡೆಲಿವರಿ ಅಸಿಸ್ಟೆಂಟ್. ಹೆಸರು ದೊಡ್ಡದು, ಕೆಲಸ ಗುಡಿಸುವುದರಿಂದ ಹಿಡಿದು ಎಲ್ಲ. ಸಬ್-ಡೀಲರ್ ಅಂದರೆ ಮಂಗಳೂರಿನ ದೊಡ್ಡ ಡೀಲರನ ಕೆಳಗೆ ತಾಲೂಕಿನಲ್ಲಿ ಬುಕಿಂಗ್ ತೆಗೆದುಕೊಳ್ಳುವವರು, ಗಾಡಿ ಬಂದಾಗ ಗಿರಾಕಿಗೆ ಒಪ್ಪಿಸುವವರು. ಶೋರೂಮ್ ಅಂತ ಈಗ ನೀವು ನೋಡ್ತೀರಲ್ಲ, ಗಾಜು, ಎ.ಸಿ., ಕಾಫಿ ಮೆಷಿನ್, ಅದೆಲ್ಲ ಇರ್ಲಿಲ್ಲ ಮಾರಾಯ್ರೆ. ಒಂದು ಹಂಚಿನ ಕೋಣೆ, ಎರಡು ಬೆಂಚು, ಗೋಡೆಯಲ್ಲಿ ಒಂದು ಕಾರಿನ ಚಿತ್ರ. ತೋರಿಸ್ಲಿಕ್ಕೆ ಕಾರೇ ಇಲ್ಲ, ಚಿತ್ರ ಮಾತ್ರ.

ಆಗ ಕಾರು ಬೇಕಾದವ ಮುಂಗಡ ಕಟ್ಟಿ ಹೆಸರು ಬರೆಸಬೇಕು, ಮತ್ತೆ ಕಾಯಬೇಕು. ಐದು ವರ್ಷ, ಆರು ವರ್ಷ, ಏಳು ವರ್ಷ. ಹಾಗಾಗಿ ನನ್ನ ನಿಜವಾದ ಕೆಲಸ ಕಾರು ಕೊಡುವುದಲ್ಲ, ‘ಬರ್ಲಿಲ್ಲ’ ಅಂತ ಹೇಳುವುದು. ಮಡಂತ್ಯಾರಿನ ಒಬ್ಬರು ಮಗಳ ಮದುವೆಗೆ ಅಂತ ಬುಕ್ ಮಾಡಿದ ಕಾರಿನಲ್ಲಿ ಮೊಮ್ಮಗಳನ್ನು ಶಾಲೆಗೆ ಸೇರಿಸ್ಲಿಕ್ಕೆ ಹೋದರು. ಬಣ್ಣ ಕೇಳುವ ಹಾಗೂ ಇಲ್ಲ. ಬೆಳ್ತಂಗಡಿಯ ಒಬ್ಬ ಡಾಕ್ಟರು ಬಿಳಿ ಬೇಕು ಅಂದಿದ್ದರು, ಬಂದದ್ದು ಬಾಡಿದ ಬಸಳೆ ಬಣ್ಣದ್ದು. ಅವರ ತಾಯಿ ಕಾರಿಗೆ ಒಂದು ಸುತ್ತು ಬಂದು, “ಮೊದಲು ಇದಕ್ಕೆ ಮದ್ದು ಕೊಡು ಮಗ” ಅಂದರು. ಆದರೂ ತೆಗೆದುಕೊಂಡು ಹೋದರು. ಬಿಟ್ಟರೆ ಪುನಃ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಲ್ಲ.

ಕಾಯುವವರಲ್ಲಿ ಒಬ್ಬ ಸಂಜೀವಣ್ಣ.

ಸಂಜೀವಣ್ಣ ಟ್ಯಾಕ್ಸಿ ಡ್ರೈವರ್. ಮೂಡುಬಿದಿರೆ–ಬಿ.ಸಿ.ರೋಡ್ ಲೈನಿನಲ್ಲಿ ಸರ್ವಿಸ್ ಕಾರು ಓಡಿಸ್ತಿದ್ದರು. ಸರ್ವಿಸ್ ಕಾರು ಅಂದರೆ ಬಸ್ಸಿನ ಹಾಗೆ ತಲೆಗೊಂದು ದರ ತೆಗೆದುಕೊಂಡು ಓಡುವ ಅಂಬಾಸಿಡರ್. ಕಂಪೆನಿ ಐದು ಜನಕ್ಕೆ ಮಾಡಿದ ಕಾರು, ನಮ್ಮಲ್ಲಿ ಹನ್ನೊಂದು ಜನ. ಹಿಂದೆ ಒಬ್ಬರ ಮೇಲೆ ಒಬ್ಬರು, ಮುಂದೆ ಡ್ರೈವರ್ ಸೇರಿ ನಾಲ್ಕು. ಡ್ರೈವರನ ಅರ್ಧ ದೇಹ ಬಾಗಿಲ ಹೊರಗೆ ನೇತಾಡ್ತಾ ಇರ್ತಿತ್ತು. ಕಾರು ಅವರದ್ದಲ್ಲ, ಮೂಡುಬಿದಿರೆಯ ಒಬ್ಬ ಜವಳಿ ವ್ಯಾಪಾರಿಯದ್ದು. ಇಪ್ಪತ್ತು ವರ್ಷ ಇನ್ನೊಬ್ಬರ ಕಾರು ಓಡಿಸಿದ ಮನುಷ್ಯ. 1977ರಲ್ಲಿ ಟ್ಯಾಕ್ಸಿ ಕೋಟಾದಲ್ಲಿ ಸ್ವಂತಕ್ಕೆ ಒಂದು ಬುಕ್ ಮಾಡಿದ್ದರು. ಕೋಟಾ ಅಂದರೆ ಟ್ಯಾಕ್ಸಿಯವರಿಗೆ ಅಂತಲೇ ಬೇರೆ ಸಾಲು.

ಅವರು ನಮ್ಮ ಅಂಗಡಿಗೆ ಬಂದರೆ ಕಾರು ಬಂತಾ ಅಂತ ಒಂದು ಸಲವೂ ಕೇಳಿದವರಲ್ಲ. ಬಾಗಿಲಲ್ಲಿ ನಿಂತು, “ಹಮೀದ್, ಚಾ ಆಯ್ತಾ?” ಅಂತ ಕೇಳ್ತಿದ್ದರು. ನಾನು, “ಆಯ್ತು ಸಂಜೀವಣ್ಣ” ಅಂದರೆ ಅವರಿಗೆ ಗೊತ್ತಾಗ್ತಿತ್ತು. ನಕ್ಕು ಹೋಗ್ತಿದ್ದರು.

ಅವರ ಹೆಂಡತಿ ವಾರಿಜಕ್ಕ. ಮಲ್ಲಿಗೆ ಮಾರುವವರು. ಮೂಡುಬಿದಿರೆಯಿಂದ ಬುಟ್ಟಿ ಹಿಡಿದುಕೊಂಡು ಗಂಡನ ಕಾರಿನಲ್ಲೇ ಬಿ.ಸಿ.ರೋಡಿಗೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಅಟ್ಟೆ, ಅಂದರೆ ನಾಲ್ಕು ಕಟ್ಟು ಹೂ ಮಾರಿ, ಅದೇ ಕಾರಿನಲ್ಲಿ ವಾಪಸ್. ಮತ್ತೆ ಮುಂದಿನ ಟ್ರಿಪ್ಪಿಗೆ ಪುನಃ. ಮೊದಲೆಲ್ಲ ಹೀಗೆ ಇರ್ಲಿಲ್ಲ, ಒಂದೆರಡು ವರ್ಷದಿಂದ ಶುರುವಾದದ್ದು. ಕೂತ್ಕೊಳ್ಳುವುದು ಯಾವಾಗಲೂ ಮುಂದೆ, ಗಂಡನ ಹತ್ತಿರ. ಮತ್ತೆ ಬಾಯಿ, ಅಬ್ಬಬ್ಬ. ಕಾರು ಹೊರಟಲ್ಲಿಂದ ನಿಲ್ಲುವವರೆಗೆ ಬಂದ್ ಇಲ್ಲ. ನಾನು ಅಂಗಡಿ ಕೆಲಸಕ್ಕೆ ಮೂಡುಬಿದಿರೆಗೆ ಹೋಗುವಾಗ ಎಷ್ಟೋ ಸಲ ಆ ಕಾರಿನಲ್ಲಿ ಹೋಗಿದ್ದೇನೆ, ಕೇಳಿ ಕೇಳಿ ಕಿವಿ ನೊಂದಿದೆ.

“ಓ ಎಡದಲ್ಲಿ ಪೂವಪ್ಪನ ಕೋಣ ಬರ್ತಾ ಉಂಟು ನೋಡಿ, ಈಗಲೇ ಗುಡ್ಡೆಯಿಂದ ಇಳಿಸಿದ್ದಾನಾ ಏನು. ಬಲದಲ್ಲಿ ಯಾರದು ಸೈಕಲ್, ಹೊಸ ಮಾಸ್ತರರಾ? ಬೆಲ್ಲೇ ಹೊಡೆಯುವುದಿಲ್ಲ. ಅಗೋ ಸಾಹೇಬರ ಗೂಡಂಗಡಿ ಎದುರು ಮೂರು ಜನ ರಸ್ತೆಗೇ ಬೆಂಚು ಹಾಕಿ ಕೂತಿದ್ದಾರೆ, ಇವರಿಗೆ ಮನೆ ಇಲ್ಲವಾ...”

ಹಿಂದಿನಿಂದ ಯಾರಾದರೂ, “ವಾರಿಜಕ್ಕ, ನಿಮ್ಮ ರೇಡಿಯೋಕ್ಕೆ ಲೈಸನ್ಸ್ ಉಂಟಾ?” ಅಂತ ಕೇಳುವುದು.

“ಉಂಟು. ನಿನ್ನ ಹೆಂಡತಿ ಬರೆದು ಕೊಟ್ಟದ್ದು. ನಿನ್ನನ್ನು ಮಾತಾಡ್ಲಿಕ್ಕೆ ಬಿಡಬಾರದು ಅಂತ.”

ಕಾರಿನವರೆಲ್ಲ ನಗುವುದು. ಆದರೆ ಅವರು ಇಳಿದ ಮೇಲೆ ಬೇರೆ ಮಾತು ಇತ್ತು. ಇವಳು ಹೂ ಮಾರ್ಲಿಕ್ಕೆ ಬರುವುದಲ್ಲ, ಗಂಡನನ್ನು ಕಾಯ್ಲಿಕ್ಕೆ ಬರುವುದು, ಸಂಜೀವನಿಗೆ ಬಿ.ಸಿ.ರೋಡಿನಲ್ಲಿ ಯಾರೋ ಇದ್ದಾಳಂತೆ, ಅಂತ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅದು ದೊಡ್ಡ ಸುದ್ದಿ. ವಾರಿಜಕ್ಕನ ಕಿವಿಗೂ ಬಿದ್ದಿತ್ತು. ಒಂದು ಸಲ ಒಬ್ಬ ಡ್ರೈವರ್ ಎದುರಿಗೇ ಕೇಳಿದ. ಅವರು, “ಹೌದು ಮಾರಾಯ, ಕಾಯದೆ ಇದ್ದರೆ ಆಗ್ತದಾ?” ಅಂತ ಹೇಳಿ ಹೂವಿಗೆ ನೀರು ಚಿಮುಕಿಸಿದರು. ನಾನೂ ನಂಬಿದ್ದೆ. ಸುಳ್ಳು ಯಾಕೆ ಹೇಳಲಿ.

84ರ ಜನವರಿಯಲ್ಲಿ ಸಂಜೀವಣ್ಣನ ಸರದಿ ಬಂತು. ಡೀಸೆಲ್ ಅಂಬಾಸಿಡರ್. ಕಪ್ಪು ಮೈ, ಹಳದಿ ತಲೆ. ಮಂಗಳೂರಿನಿಂದ ನಾನೇ ಓಡಿಸಿಕೊಂಡು ತಂದು ಅಂಗಡಿ ಎದುರು ನಿಲ್ಲಿಸಿದೆ. ಅವತ್ತು ಅವರು ಬಾಗಿಲಲ್ಲಿ ನಿಂತು ಚಾ ಆಯ್ತಾ ಅಂತ ಕೇಳಿದಾಗ ನಾನು, “ಇಲ್ಲ ಸಂಜೀವಣ್ಣ, ನಿಮಗೆ ಕಾದು ಕೂತಿದ್ದೇನೆ” ಅಂದೆ. ಅವರಿಗೆ ಅರ್ಥ ಆಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕಾಯ್ತು. ಕಾರು ಅವರ ಬಲಬದಿಗೇ ನಿಂತಿತ್ತು, ಅದರ ಪಕ್ಕದಲ್ಲೇ ನಡೆದು ಬಂದಿದ್ದರು. ಗಡಿಬಿಡಿಯಲ್ಲಿ ನೋಡ್ಲಿಲ್ಲ ಅಂತ ಎಣಿಸಿದೆ.

ಡೆಲಿವರಿಗೆ ದಿನ ನೋಡಿ ಗಂಡಹೆಂಡತಿ ಇಬ್ಬರೂ ಬಂದರು. ಸಂಜೀವಣ್ಣ ಹೊಸ ಅಂಗಿ, ವಾರಿಜಕ್ಕ ಪಟ್ಟೆ ಸೀರೆ. ಕಾರಿಗೆ ಇಡೀ ಬುಟ್ಟಿ ಮಲ್ಲಿಗೆ. ಸಂಜೀವಣ್ಣ ಕಾರಿನ ಮೂತಿಯಿಂದ ಬಾಲದವರೆಗೆ ಕೈ ಎಳೆದುಕೊಂಡು ಒಂದು ಸುತ್ತು ಹೋದರು, ಕರುವಿನ ಮೈ ಸವರಿದ ಹಾಗೆ. ತಿರುಗುವಾಗ ಬೆಂಚಿಗೆ ಮೊಣಕಾಲು ಹೊಡೆದುಕೊಂಡರು, “ಏನಿಲ್ಲ ಏನಿಲ್ಲ” ಅಂದರು.

ನಮ್ಮ ಅಂಗಡಿಯ ಧಣಿಗಳು ಹಳೇ ಕಾಲದವರು, ಪಂಚೆ, ಬಿಳಿ ಅಂಗಿ, ಎಲೆಯಡಿಕೆ. ಎಲ್ಲ ಕ್ರಮದಲ್ಲಿ ಆಗಬೇಕು ಅವರಿಗೆ. ಛಾಸಿ ನಂಬರ್, ಅಂದರೆ ಗಾಡಿಯ ಅಡಿಪಾಯಕ್ಕೆ ಹೊಡೆದ ನಂಬರ್, ಅದನ್ನು ಗಿರಾಕಿಯ ಬಾಯಿಯಿಂದಲೇ ಓದಿಸ್ತಿದ್ದರು. ಓದ್ಲಿಕ್ಕೆ ಆಗದವರಿಗೆ ನಾನು ಹೇಳಿಕೊಡುವುದು. ಸಂಜೀವಣ್ಣ ಬಾನೆಟ್ ಒಳಗೆ ತಲೆ ಹಾಕಿ, ಕನ್ನಡಕ ಇಲ್ಲದೆ, ಒಂದು ಅಕ್ಷರ ತಪ್ಪದೆ ಓದಿದರು.

“ನೋಡು ಹಮೀದ್,” ಧಣಿ ಹೇಳಿದರು, “ಕಣ್ಣು ಅಂದರೆ ಇದು. ನಿಮ್ಮ ಕಾಲದವರಿಗೆ ಈಗಲೇ ಸೋಡಾ ಬುಡ್ಡಿ.”

ವಾರಿಜಕ್ಕ ಆಗ ಹೂ ಸರಿ ಮಾಡ್ತಾ ಇದ್ದರು. ತಲೆ ಎತ್ತಲಿಲ್ಲ.

ನಮ್ಮ ಅಂಗಡಿಯಲ್ಲಿ ಒಂದು ಕ್ರಮ ಇತ್ತು. ಮೊದಲನೇ ಸವಾರಿಯಲ್ಲಿ ನಮ್ಮ ಜನ ಗಿರಾಕಿಯ ಪಕ್ಕದಲ್ಲಿ ಕೂತು ಮನೆಯವರೆಗೆ ಹೋಗಬೇಕು. ಹೊಸ ಇಂಜಿನನ್ನು ಹೇಗೆ ಪಳಗಿಸುವುದು, ಎಷ್ಟು ಸ್ಪೀಡ್ ದಾಟಬಾರದು, ಆಯಿಲ್ ಯಾವಾಗ ಬದಲಿಸುವುದು, ಎಲ್ಲ ಹೇಳಿ, ಕೊನೆಗೆ ಗಾಡಿ ಸರಿ ಉಂಟು ಅಂತ ಸೈನ್ ಹಾಕಿಸಿ ಬಸ್ಸಿನಲ್ಲಿ ವಾಪಸ್ ಬರುವುದು. ವಾರಿಜಕ್ಕ ಎಂದಿನ ಹಾಗೆ ಮುಂದಿನ ಬಾಗಿಲು ತೆಗೆದರು. ಧಣಿ ಬಿಡಲಿಲ್ಲ.

“ಅದು ಆಗ್ಲಿಕ್ಕಿಲ್ಲ. ಇಷ್ಟು ವರ್ಷ ಪರರ ಕಾರಿನಲ್ಲಿ ಮುಂದೆ ತುರುಕಿಕೊಂಡು ಹೋದದ್ದು ಸಾಕು. ಇವತ್ತು ನೀವು ಧಣಿ ಹೆಂಗಸು. ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ್ಕೊಳ್ಳಿ.”

“ಬೇಡ ಧಣಿ, ನನಗೆ ಹಿಂದೆ ಕೂತರೆ ವಾಂತಿ ಬರ್ತದೆ.”

“ಹೊಸ ಕಾರಿನಲ್ಲಿ ಯಾರಿಗೂ ವಾಂತಿ ಬರುವುದಿಲ್ಲ. ಕೂತ್ಕೊಳ್ಳಿ.”

ಅವರೇ ಹಿಂದಿನ ಬಾಗಿಲು ತೆಗೆದು ಹಿಡಿದರು. ನಮ್ಮ ಊರಿನಲ್ಲಿ ಅಂಥ ದೊಡ್ಡವರು ಒಬ್ಬ ಹೂ ಮಾರುವ ಹೆಂಗಸಿಗೆ ಬಾಗಿಲು ತೆಗೆದು ಹಿಡಿದರೆ ಇಲ್ಲ ಅಂತ ಹೇಳುವವರು ಯಾರು? ವಾರಿಜಕ್ಕ ಗಂಡನ ಮುಖ ನೋಡಿದರು. ಸಂಜೀವಣ್ಣ, “ಕೂತ್ಕೊ ವಾರಿಜ, ದೊಡ್ಡವರು ಹೇಳ್ತಾರಲ್ಲ” ಅಂದರು. ಕೂತರು. ಅವರಿಗೆ ಮರ್ಯಾದೆ ಕೊಟ್ಟೆವು ಅಂತ ನಮಗೆಲ್ಲ ಖುಷಿ.

ಹೊರಟೆವು. ಬಂಟ್ವಾಳ ಪೇಟೆ ದಾಟುವವರೆಗೆ ಹಿಂದಿನ ಸೀಟಿನ ತುದಿಗೆ ಕೂತು, ನಮ್ಮಿಬ್ಬರ ನಡುವೆ ತಲೆ ಹಾಕಿ, ವಾರಿಜಕ್ಕನ ರೇಡಿಯೋ ಜೋರಾಗಿಯೇ ಓಡ್ತಾ ಇತ್ತು. ಎಡದಲ್ಲಿ ಕೈಗಾಡಿ, ಬಲದಲ್ಲಿ ನಾಯಿ, ಅಡ್ಡರಸ್ತೆಯಿಂದ ಜೀಪು. ನಾನು ಇಂಜಿನ್ ವಿಷಯ ಒಂದು ವಾಕ್ಯ ಹೇಳ್ಲಿಕ್ಕೆ ಹೋದರೆ ಅವರು ನಡುವೆ ಎಮ್ಮೆ ತರ್ತಾರೆ. ಸಿದ್ದಕಟ್ಟೆ ದಾಟಿದ ಮೇಲೆ ರಸ್ತೆ ಖಾಲಿ. ನಾನು ತಿರುಗಿ ಹೇಳಿದೆ, “ವಾರಿಜಕ್ಕ, ಒಂದು ಐದು ನಿಮಿಷ ಸ್ಟೇಷನ್ ಬಂದ್ ಮಾಡಿ. ನಾನು ಹೇಳಬೇಕಾದ್ದು ಹೇಳಿ ಮುಗಿಸ್ತೇನೆ.”

ಅವರು, “ನೀನು ಮತ್ತೆ ಹೇಳು, ಮನೆಯಲ್ಲಿ ಹೇಳು” ಅಂದರು.

ಸಂಜೀವಣ್ಣ, “ಇರಲಿ ಬಿಡು, ಹುಡುಗ ಅವನ ಕೆಲಸ ಮಾಡಲಿ. ನನಗೆ ಈ ರಸ್ತೆ ಗೊತ್ತುಂಟು” ಅಂದರು.

ವಾರಿಜಕ್ಕ ಸುಮ್ಮನಾದರು. ನಾನು ಆಯಿಲ್ ವಿಷಯ ಹೇಳ್ತಾ ಇದ್ದೆ. ಎದುರು ರಸ್ತೆಯ ಎಡಬದಿಯಲ್ಲಿ ಒಬ್ಬಳು ಹೆಂಗಸು ತಲೆ ಮೇಲೆ ಹುಲ್ಲಿನ ಕಟ್ಟ ಹೊತ್ತುಕೊಂಡು ಹೋಗ್ತಾ ಇದ್ದಳು. ದೂರದಿಂದಲೇ ಕಾಣ್ತದೆ, ಅಷ್ಟು ದೊಡ್ಡ ಕಟ್ಟ. ಸಂಜೀವಣ್ಣ ಹಾರ್ನ್ ಹೊಡೆಯಲಿಲ್ಲ. ಬಲಕ್ಕೆ ತೆಗೆಯಲಿಲ್ಲ. ನನ್ನ ಮಾತಿಗೆ ಹೂಂ ಹೂಂ ಅಂತ ತಲೆ ಆಡಿಸಿಕೊಂಡು ಎದುರು ರಸ್ತೆ ನೋಡಿಕೊಂಡು, ಕಾರಿನ ಎಡ ಮೂಲೆ ಅವಳಿಗೆ ತಾಗುವ ಹಾಗೆ ಹೋಗ್ತಾ ಇದ್ದರು. ಈಗ ತೆಗೀತಾರೆ, ಈಗ ತೆಗೀತಾರೆ ಅಂತ ನಾನು ಕಾದೆ. ಹಿಂದಿನಿಂದ ವಾರಿಜಕ್ಕ, “ಎಡದಲ್ಲಿ ಜನ” ಅಂತ ಕೂಗಿದ್ದೂ ನಾನು ಸ್ಟೇರಿಂಗ್ ಹಿಡಿದು ಎಳೆದದ್ದೂ ಒಟ್ಟಿಗೆ. ಕಾರು ಬಲಕ್ಕೆ ಹೋಗಿ ರಸ್ತೆ ಬದಿಯಲ್ಲಿ ಗೋಡೆಯ ಹಾಗೆ ನಿಂತ ಕೆಂಪು ಮುರಕಲ್ಲಿನ ದರೆಗೆ ಉಜ್ಜಿ ನಿಂತಿತು.

ಹೆಂಗಸಿಗೆ ಏನೂ ಆಗಲಿಲ್ಲ. ಕಾರಿನ ಕನ್ನಡಿ ಕೆಳಗೆ ನೇತಾಡುವ ಹುಲ್ಲಿಗೆ ತಾಗಿ ಕಟ್ಟ ಕೆಳಗೆ ಬಿತ್ತು, ಅಷ್ಟೇ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು ಬೈದಳು.

“ಹೊಸ ಕಾರು ತೆಗೆದ ಕೂಡಲೇ ಜನ ಹುಲ್ಲಿನ ಹಾಗೆ ಕಾಣ್ತಾರಾ ನಿನಗೆ? ಕಣ್ಣು ಎಲ್ಲಿ ಬಿಟ್ಟು ಬಂದಿದ್ದಿ, ಬಂಟ್ವಾಳ ಪೇಟೆಯಲ್ಲಿಯಾ?”

ಸಂಜೀವಣ್ಣ ಸ್ಟೇರಿಂಗ್ ಹಿಡಿದುಕೊಂಡೇ ಇದ್ದರು. ನನ್ನ ಹತ್ತಿರ ಮೆಲ್ಲ ಕೇಳಿದರು, “ಎಲ್ಲಿಂದ ಬಂದಳು ಅವಳು?”

ಅವಳು ಎಲ್ಲಿಂದಲೂ ಬಂದದ್ದಲ್ಲ. ಅಲ್ಲೇ ಇದ್ದಳು. ಆಗ ನನಗೆ ಗೊತ್ತಾಯ್ತು.

ನಾನು ಇಳಿದು ಅವಳಿಗೆ ಕಟ್ಟ ಎತ್ತಿ ಕೊಟ್ಟು, ಕೈಮುಗಿದು ಕಳಿಸಿದೆ. ವಾಪಸ್ ಬಂದಾಗ ಇಬ್ಬರೂ ಕೆಳಗೆ ಇಳಿದಿದ್ದರು. ಬಲಬದಿಯ ಬಾಗಿಲಲ್ಲಿ ಉದ್ದಕ್ಕೆ ಕೆಂಪು ಗೀರು. ಸಂಜೀವಣ್ಣ ಅದರ ಮೇಲೆ ಬೆರಳು ಆಡಿಸ್ತಾ ಇದ್ದರು.

ವಾರಿಜಕ್ಕನೇ ಹೇಳಿದರು. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದರಂತೆ. ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ ಜಾಸ್ತಿಯಾಗಿ ನರ ಸಾಯ್ತಾ ಬರುವ ಕಾಯಿಲೆ. ಪೊರೆಯ ಹಾಗೆ ಆಪರೇಷನ್ ಮಾಡಿದರೆ ಸರಿ ಆಗುವುದಲ್ಲ, ಹೋದದ್ದು ಬರುವುದಿಲ್ಲ. ಮೊದಲು ಹೋಗುವುದು ಬದಿಯ ನೋಟ. ನೇರ ಎದುರಿನದ್ದು ಕೊಳವೆಯ ಒಳಗಿನಿಂದ ನೋಡಿದ ಹಾಗೆ ಕಾಣ್ತದೆ, ಅಕ್ಷರ ಕಾಣ್ತದೆ, ನೋಟಿನ ನಂಬರ್ ಕಾಣ್ತದೆ. ಲೈಸನ್ಸ್ ರಿನ್ಯೂವಲಿಗೆ ಹೋದಾಗ ಗೋಡೆಯ ಅಕ್ಷರ ಓದಿಸಿದರು, ಇವರು ಕೊನೆಯ ಸಾಲಿನವರೆಗೆ ಓದಿ ಬಂದರು. ಮದ್ದು ಹನಿ ಬಿಡ್ತಾ ಇದ್ದರು. ಆದರೂ ಕೊಳವೆ ವರ್ಷ ವರ್ಷ ಸಣ್ಣ ಆಗ್ತಾ ಬಂತು.

“ಸರದಿ ಹತ್ತಿರ ಬಂದಿತ್ತು ಹಮೀದ್,” ವಾರಿಜಕ್ಕ ಹೇಳಿದರು. “ಕಣ್ಣು ಹೋಯ್ತು ಅಂತ ಹೇಳಿದರೆ ಟ್ಯಾಕ್ಸಿ ಓಡಿಸುವ ಬ್ಯಾಡ್ಜ್ ಹೋಗ್ತದೆ. ಬ್ಯಾಡ್ಜ್ ಹೋದರೆ ಟ್ಯಾಕ್ಸಿ ಕೋಟಾದ ಕಾರು ಹೋಗ್ತದೆ. ಐದು ವರ್ಷ ಕಾದಾಗಿತ್ತು. ಇನ್ನು ಸ್ವಲ್ಪ ದಿನ ಅಂತ ನಾನು ಬುಟ್ಟಿ ಹಿಡಿದುಕೊಂಡು ಕೂತೆ.”

ಬುಟ್ಟಿ ನೆವ. ಅವರು ಹೇಳ್ತಾ ಇದ್ದದ್ದು ಸುದ್ದಿ ಅಲ್ಲ, ರಸ್ತೆ. ಊರಿನವರು ಆಡಿಕೊಂಡದ್ದನ್ನು ಎರಡು ವರ್ಷ ಹೌದು ಹೌದು ಅಂತ ಒಪ್ಪಿಕೊಂಡು ಕೂತಿದ್ದರು, ನಿಜವಾದ್ದು ಯಾರಿಗೂ ಗೊತ್ತಾಗಬಾರದು ಅಂತ.

ನೇರವಾಗಿ ಹೇಳ್ತೇನೆ, ನನಗೆ ಮೊದಲು ಬಂದದ್ದು ಪಾಪ ಅಲ್ಲ, ಸಿಟ್ಟು. ಆ ಕಾರಿನಲ್ಲಿ ನಾನು ಕೂತಿದ್ದೇನೆ. ನನ್ನನ್ನು ಹೆತ್ತ ಉಮ್ಮ ಕೂತಿದ್ದಾರೆ. ಹನ್ನೊಂದು ಜನರನ್ನು ಒಂದು ಬಾಯಿಯ ಮೇಲೆ ನಂಬಿ ಓಡಿಸಿದ್ದೀರಲ್ಲ ಅಂತ ಕೇಳಿದೆ. ಒಂದು ದಿನ ವಾರಿಜಕ್ಕನಿಗೆ ಕೆಮ್ಮು ಬಂದಿದ್ದರೆ?

ಸಂಜೀವಣ್ಣ, “ಒಂದು ಕೋಳಿ ಸಾಯ್ಲಿಲ್ಲ ಹಮೀದ್ ಎರಡು ವರ್ಷದಲ್ಲಿ” ಅಂದರು. “ಇವಳು ಮುಂದೆ ಇದ್ದರೆ ನನಗೆ ಎಲ್ಲ ಕಾಣ್ತದೆ. ಇವತ್ತು ಹಿಂದೆ ಕೂರಿಸಿದ್ದು ನೀವು.”

“ಧಣಿಗಳಿಗೆ ಹೇಳದೆ ಇರ್ಲಿಕ್ಕೆ ನನಗೆ ಆಗುವುದಿಲ್ಲ.”

“ಹೇಳು. ಇವತ್ತು ಬೇಡ. ಇವತ್ತು ಒಂದು ದಿನ ನನ್ನ ಕಾರನ್ನು ನಾನು ಓಡಿಸಿಕೊಂಡು ಅಂಗಳಕ್ಕೆ ಹೋಗ್ತೇನೆ. ಅಲ್ಲಿ ಎಲ್ಲರೂ ಕಾದಿದ್ದಾರೆ. ನಾಳೆ ನೀನು ಬೇಕಾದ್ದು ಮಾಡು.”

ಮನೆ ಮೂಡುಬಿದಿರೆಗೆ ಸ್ವಲ್ಪ ಈಚೆ. ಉಳಿದದ್ದು ಅರ್ಧ ಗಂಟೆಯ ದಾರಿ ಇರಬಹುದು. ಅವರು ಕೇಳಿದ ರೀತಿಗೆ ನನಗೆ ಇಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ, ಹೂಂ ಅಂತಲೂ ಬರ್ಲಿಲ್ಲ. ಸುಮ್ಮನೆ ನಿಂತೆ. ಅವರು ಅದನ್ನು ಒಪ್ಪಿಗೆ ಅಂತ ತೆಗೆದುಕೊಂಡು ಸ್ಟೇರಿಂಗಿನ ಎದುರು ಕೂತರು. ವಾರಿಜಕ್ಕ ಮುಂದೆ ಕೂತರು. ನಾನು ಹಿಂದೆ.

ಸಂಜೀವಣ್ಣ ಇಂಜಿನ್ ಸ್ಟಾರ್ಟ್ ಮಾಡಿದರು. ಗೇರ್ ಹಾಕಿದರು. ಕ್ಲಚ್ ಮೇಲೆ ಕಾಲು.

“ಹೇಳು ವಾರಿಜ.”

ವಾರಿಜಕ್ಕ ರಸ್ತೆ ನೋಡ್ತಾ ಇದ್ದರು. ಏನೂ ಹೇಳಲಿಲ್ಲ.

“ಹಿಂದಿನಿಂದ ಗಾಡಿ ಉಂಟಾ? ತೆಗೆಯಲಾ?”

ಡೀಸೆಲ್ ಇಂಜಿನಿಗೆ ಇಡೀ ಕಾರು ನಡುಗ್ತಾ ಇತ್ತು, ಬಾನೆಟಿನ ಮೇಲಿನ ಮಲ್ಲಿಗೆಯೂ.

“ವಾರಿಜ, ನಿನಗೆ ಕೇಳ್ತದಾ? ಎಡದಲ್ಲಿ ಯಾರಾದರೂ ಇದ್ದಾರಾ ಹೇಳು. ಅಷ್ಟೇ ಸಾಕು. ಉಂಟು ಇಲ್ಲ ಅಷ್ಟು ಹೇಳು.”

ನಾನು ಹಿಂದಿನಿಂದ ನೋಡಿದೆ. ವಾರಿಜಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಕಣ್ಣೀರು ಇಳೀತಾ ಇತ್ತು. ಅವರು ಅಳುವುದು ಸಂಜೀವಣ್ಣನಿಗೆ ಕಾಣ್ತಾ ಇರ್ಲಿಲ್ಲ, ವಾರಿಜಕ್ಕ ಎಡಬದಿಯಲ್ಲಿ ಕೂತಿದ್ದರಲ್ಲ. ತಿರುಗಿ ನೋಡಿದ್ದರೆ ಕಾಣ್ತಿತ್ತು. ಸಂಜೀವಣ್ಣ ತಿರುಗಲಿಲ್ಲ. ಎದುರು ನೋಡಿಕೊಂಡೇ ಇನ್ನೊಂದು ಸಲ, ತೀರಾ ಸಣ್ಣ ಸ್ವರದಲ್ಲಿ, “ಇವತ್ತು ಒಂದು ದಿನ ಮಾರಾಯ್ತಿ” ಅಂದರು.

ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ದಾಟಿ ಹೋಯ್ತು. ಆಮೇಲೆ ಸಂಜೀವಣ್ಣ ಗೇರ್ ತೆಗೆದು ಇಂಜಿನ್ ಬಂದ್ ಮಾಡಿದರು. ಚಾವಿ ತೆಗೆದು, ತಿರುಗದೆಯೇ, ಹೆಗಲ ಮೇಲಿನಿಂದ ಹಿಂದಕ್ಕೆ ಹಿಡಿದರು. ನಾನು ತೆಗೆದುಕೊಂಡೆ.

ಅಂಗಳಕ್ಕೆ ಕಾರು ತಂದದ್ದು ನಾನು. ನೆರೆಕರೆಯವರೆಲ್ಲ ಸೇರಿದ್ದರು, ಆರತಿ ತಟ್ಟೆ, ಮಾವಿನ ಎಲೆ. ಯಾರೋ ಕೇಳಿದರು, “ಇದೇನು ಸಂಜೀವ, ನಿನ್ನ ಕಾರನ್ನು ಬ್ಯಾರಿ ಹುಡುಗ ಓಡಿಸಿಕೊಂಡು ಬರುವುದಾ?” ಬ್ಯಾರಿ ಅಂದರೆ ನಾವು, ನಮ್ಮ ಕಡೆಯ ಮುಸ್ಲಿಮರು.

ಸಂಜೀವಣ್ಣ ಹಿಂದಿನ ಸೀಟಿನಿಂದ ಇಳಿದು ನಕ್ಕರು. “ಮತ್ತೆ? ಧಣಿ ಆದ ಮೇಲೂ ನಾನೇ ಓಡಿಸುವುದಾ?” ಅಂದರು. ಎಲ್ಲರೂ ನಕ್ಕರು. ಗೀರು ಯಾಕೆ ಅಂತ ಕೇಳಿದವರಿಗೆ ನಾನು, ನನ್ನ ಕೈಯಲ್ಲಿ ಆದದ್ದು ಅಂತ ಹೇಳಿದೆ. ಅಷ್ಟು ಹೇಳ್ಲಿಕ್ಕೆ ನನಗೆ ಕಷ್ಟ ಆಗಲಿಲ್ಲ.

ಮರುದಿನ ಧಣಿಗಳಿಗೆ ಎಲ್ಲ ಹೇಳಿದೆ. ಅವರು ಎಲೆಯಡಿಕೆ ಉಗುಳಿ ಬಂದು, ಗೋಡೆಯ ಚಿತ್ರ ನೋಡಿ, “ನಾನೇ ಬಾಗಿಲು ತೆಗೆದು ಹಿಂದೆ ಕೂರಿಸಿದೆ ಅಲ್ವಾ” ಅಂದರು. ಪೇಪರುಗಳಿಗೆ ತೊಂದರೆ ಆಗದ ಹಾಗೆ ನೋಡಿಕೊಂಡರು. ಕಾರು ಸಂಜೀವಣ್ಣನ ಹೆಸರಿನಲ್ಲೇ ಉಳಿಯಿತು, ಓಡಿಸ್ಲಿಕ್ಕೆ ಸಂಬಳದ ಡ್ರೈವರ್ ಇಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ಬೇಡ ಆಯ್ತು. ಇನ್ನೊಬ್ಬ ಗೇರ್ ಹಾಕುವ ಶಬ್ದ ಅಂಗಳದಲ್ಲಿ ಕೇಳ್ಲಿಕ್ಕೆ ಅವರಿಗೆ ಆಗ್ತಾ ಇರ್ಲಿಲ್ಲ ಅಂತ ಕಾಣ್ತದೆ. ಕೊಡ್ತೇನೆ ಅಂದರು. ಪುಂಜಾಲಕಟ್ಟೆಯ ಒಬ್ಬ ಟ್ಯಾಕ್ಸಿಯವರಿಗೆ ನಾನೇ ಮಾತಾಡಿ ಕೊಡಿಸಿದೆ. ಏಳು ವರ್ಷ ಕಾದ ಕಾರು ಆ ಮನೆಯಲ್ಲಿ ಒಂದು ವರ್ಷ ನಿಲ್ಲಲಿಲ್ಲ.

ಪೇಪರಿಗೆ ಸೈನ್ ಹಾಕಿಸ್ಲಿಕ್ಕೆ ಹೋದಾಗ ಸಂಜೀವಣ್ಣ ಜಗಲಿಯಲ್ಲಿ ಕೂತಿದ್ದರು. ಸೈನ್ ಹಾಕಬೇಕಾದ ಜಾಗಕ್ಕೆ ಅವರ ಬೆರಳು ಹಿಡಿದು ಇಡಬೇಕಾಯ್ತು. ನೋಟ ಅಷ್ಟು ಇಳಿದಿತ್ತು. ನನ್ನ ಹತ್ತಿರ ಮನೆಯ ಸುದ್ದಿ, ಉಮ್ಮನ ಸುದ್ದಿ ಎಲ್ಲ ಕೇಳಿದರು. ಸಿಟ್ಟು ಏನೂ ಇಲ್ಲ. ನಾನು ಏಳುವಾಗ ಮಾತ್ರ, “ಅವತ್ತು ಅವಳು ಒಂದು ಮಾತು ಹೇಳಿದ್ದರೆ ಅಂಗಳದವರೆಗೆ ನಾನು ತರ್ತಿದ್ದೆ ಹಮೀದ್” ಅಂದರು. ವಾರಿಜಕ್ಕ ಬಾಗಿಲಲ್ಲೇ ಚಾ ಹಿಡಿದು ನಿಂತಿದ್ದರು. ಅವರಿಗೆ ಕೇಳಲಿ ಅಂತಲೇ ಹೇಳಿದ್ದು.

ಗೇಟಿನವರೆಗೆ ವಾರಿಜಕ್ಕ ಬಂದರು. ನಾನು ಕೇಳಿದೆ, “ನಿಮ್ಮ ಹತ್ತಿರ ಮಾತಾಡ್ತಾರಾ?”

“ಊಟಕ್ಕೆ ಕರೆದರೆ ಬರ್ತಾರೆ” ಅಂದರು. ಗೇಟು ತೆಗೆದು ಹಿಡಿದು ಹೇಳಿದರು, “ನಾನು ಈಗಲೂ ಹೇಳ್ತೇನೆ. ಮೆಟ್ಟಿಲು ಉಂಟು, ಕೊಡಪಾನ ಉಂಟು, ನೆಲ ಒದ್ದೆ ಉಂಟು ಅಂತ. ಗೊತ್ತುಂಟು ಅಂತಾರೆ. ಮತ್ತೆ ಎಡವಿ ಬೀಳ್ತಾರೆ. ನಾನು ಹೇಳಿದ ಕಡೆಯಲ್ಲೇ ಬೀಳ್ತಾರೆ.”

“ಅವತ್ತು ನೀವು ಮಾಡಿದ್ದು ಸರಿ ವಾರಿಜಕ್ಕ.”

“ಸರಿ ಅಂತ ನನಗೂ ಗೊತ್ತುಂಟು,” ಅವರು ಹೇಳಿದರು. “ಅದರಿಂದ ಏನು ಆಯ್ತು?”

ಸಂಜೀವಣ್ಣ ಕೊನೆಗೆ ಹೆಂಡತಿಯನ್ನು ಕ್ಷಮಿಸಿದರು, ಇಬ್ಬರೂ ಕೈ ಹಿಡಿದುಕೊಂಡು ಮೂಡುಬಿದಿರೆ ಪೇಟೆಗೆ ಹೋದರು ಅಂತ ಬರೆದು ನಿಮ್ಮನ್ನು ಸಮಾಧಾನ ಮಾಡ್ಲಿಕ್ಕೆ ನನಗೆ ಆಗುವುದಿಲ್ಲ. ಹಾಗೆ ಆಗಲಿಲ್ಲ. ಸಂಜೀವಣ್ಣ ಮತ್ತೆ ಕೆಲವು ವರ್ಷ ಇದ್ದರು, ಪೂರ್ತಿ ಕತ್ತಲೆಯಲ್ಲಿ. ಅವರು ಹೋದಾಗ ನಾನು ಹೋಗಿದ್ದೆ. ವಾರಿಜಕ್ಕ ಮೂಲೆಯಲ್ಲಿ ಕೂತಿದ್ದರು, ಬಂದವರಿಗೆ ಯಾರಿಗೂ ಒಂದು ಮಾತು ಹೇಳಲಿಲ್ಲ. ಎಂಥ ಬಾಯಿ ಇದ್ದ ಹೆಂಗಸು ನೋಡಿ ಹೇಗಾದಳು ಅಂತ ಜನ ಹೇಳ್ತಾ ಇದ್ದರು.

ಆ ಕೆಲಸದಲ್ಲಿ ನಾನು ಮತ್ತೂ ಬಹಳ ವರ್ಷ ಇದ್ದೆ. ಅದು ನನಗೆ ಕಲಿಸಿದ್ದು ಒಂದೇ ವಿಷಯ. ಗಿರಾಕಿ ಕಾಯ್ತಾನೆ ಅಂತ ನಾವು ಹೇಳ್ತೇವೆ, ಆದರೆ ಕಾಯುವವ ಒಂದೇ ಜಾಗದಲ್ಲಿ ನಿಂತಿರುವುದಿಲ್ಲ. ಹೆಸರು ಬರೆಸಿದವ ಬೇರೆ, ಏಳು ವರ್ಷದ ಮೇಲೆ ಚಾವಿಗೆ ಕೈ ಚಾಚುವವ ಬೇರೆ. ನಡುವೆ ಒಬ್ಬರಿಗೆ ಕಣ್ಣು ಹೋಗಿರ್ತದೆ, ಒಬ್ಬರಿಗೆ ಹೆಂಡತಿ ಹೋಗಿರ್ತಾಳೆ, ಒಬ್ಬರಿಗೆ ಕಾರಿನ ಆಸೆಯೇ ಹೋಗಿರ್ತದೆ. ಸರದಿ ತಪ್ಪಬಾರದು ಅಂತ ಯಾರೂ ಬಾಯಿ ಬಿಡುವುದಿಲ್ಲ. ಸಂಜೀವಣ್ಣನ ನಂತರ ನಾನು, ಕಾರು ಬಂತು ಅಂತ ಕಾಗದ ಹಾಕುವ ಮೊದಲು, ಆದಿತ್ಯವಾರ ನನ್ನ ಖರ್ಚಿನಲ್ಲೇ ಬಸ್ಸು ಹತ್ತಿ ಗಿರಾಕಿಯ ಮನೆಗೆ ಹೋಗ್ಲಿಕ್ಕೆ ಶುರು ಮಾಡಿದೆ. ಬೆಳ್ತಂಗಡಿ, ಮಡಂತ್ಯಾರು, ಮೂಡುಬಿದಿರೆ. ಜಗಲಿಯಲ್ಲಿ ಕೂತು, ಯಾರು ಇದ್ದಾರೆ, ಯಾರು ಇಲ್ಲ, ಯಾರು ಹೇಗೆ ನಡೀತಾರೆ ಅಂತ ನೋಡಿ, ಆಮೇಲೆ ಮಾತು ತೆಗೆಯುವುದು. ಹೆಚ್ಚಿನ ಮನೆಗಳಲ್ಲಿ ಏನೂ ಆಗಿರುತ್ತಿರ್ಲಿಲ್ಲ. ಚಾ ಕೊಡ್ತಿದ್ದರು, ಬಣ್ಣ ಯಾವುದು ಅಂತ ಕೇಳ್ತಿದ್ದರು. ಚಾ ಕುಡಿದು ಬರ್ತಿದ್ದೆ.